ಪದ ಕಟ್ಟುವ ಮಕ್ಕಳೂ ನಮ್ಮ ಹೊಣೆಯೂ

ಪುಷ್ಯ ಬಹುಳ ಅಮಾವಾಸ್ಯೆಯು ಶ್ರೀ ಪುರಂದರದಾಸರ ಪುಣ್ಯದಿನವೆಂಬುದು ವಾಚಕರೆಲ್ಲರಿಗೂ ವಿದಿತವೇ ಆಗಿದೆ. 1564ರಲ್ಲಿ, ರಕ್ತಾಕ್ಷಿ ಸಂವತ್ಸರದ ಆ ದಿನದಂದು ದಾಸರು ಹರಿಪುರವನ್ನು ಸೇರಿದರು. ನಾಲ್ಕೂವರೆ ಶತಮಾನಗಳು ಕಳೆದರೂ ಅವರ ಪದಗಳಿಲ್ಲದೆ ನಮ್ಮ ಮನೆಗಳಲ್ಲಿ ಬೆಳಗಾಗುವುದಿಲ್ಲ, ದೀಪ ಹಚ್ಚುವುದಿಲ್ಲ, ಮಗು ಮಲಗುವುದಿಲ್ಲ. ಟಿ. ದಾಸರಹಳ್ಳಿಯಲ್ಲಿ ನಾವು ಕೆಲವು ಕುಟುಂಬಗಳವರು ಕೂಡಿ ಪ್ರತಿವರ್ಷವೂ ಈ ಆರಾಧನೆಯನ್ನು ಯಥಾಶಕ್ತಿ ನಡೆಸಿಕೊಂಡು ಬಂದಿದ್ದೇವೆ. ಊರಿನ ಹೆಸರಿನಲ್ಲಿಯೇ ದಾಸಶಬ್ದವಿರುವುದು ನಮಗೊಂದು ಸಂತೋಷ. ಆ ಹೆಸರು ಯಾವ ದಾಸರಿಂದ ಬಂದಿತೆಂಬ ಚರ್ಚೆ ಇಲ್ಲಿ ಬೇಡ. ದಾಸರ ಹಳ್ಳಿಯಲ್ಲಿರುವವರು ದಾಸರ ಮಾರ್ಗವನ್ನು ಎಷ್ಟರಮಟ್ಟಿಗೆ ನಡೆಯುತ್ತಿದ್ದೇವೆ ಎಂಬುದಷ್ಟೇ ನಮಗೆ ಪ್ರಸ್ತುತವಾದ ಪ್ರಶ್ನೆ.

ಆ ಪ್ರಶ್ನೆಯು ಒಂದು ಆರಾಧನೆಯ ದಿನ ನಮ್ಮ ಮುಂದೆಯೇ ಬಂದು ನಿಂತಿತು. ನಾವದನ್ನು ಗುರುತಿಸಲಿಲ್ಲ.

ಭಜನೆ ಮುಗಿದು ಮಂಗಳಾರತಿಗೆ ಸಿದ್ಧತೆ ನಡೆದಿತ್ತು. ಹತ್ತು ಹನ್ನೊಂದು ವರ್ಷದ ಒಬ್ಬ ಬಾಲಿಕೆಯು ಶಾಲೆಯ ನೋಟುಬುಕ್ಕಿನಿಂದ ಹರಿದ ಒಂದು ಹಾಳೆಯನ್ನು ಹಿಡಿದುಕೊಂಡು ಬಂದು, "ಅಜ್ಜ, ನಾನೊಂದು ದೇವರ ಹಾಡು ಬರೆದಿದ್ದೇನೆ, ಹಾಡಲೇ?" ಎಂದು ಕೇಳಿದಳು. ನಾವು ಹಾಳೆಯನ್ನು ತೆಗೆದುಕೊಂಡು ಕಣ್ಣಾಡಿಸಿದೆವು. ತುಮಕೂರು ರಸ್ತೆಯ ಲಾರಿಗಳ ನಡುವೆ ಬಾಲಕೃಷ್ಣನು ತಪ್ಪಿಸಿಕೊಂಡ ಕರುವೊಂದನ್ನು ಹುಡುಕುತ್ತಾನೆ. ಎಲ್ಲಿಯೂ ಕಾಣದಿರಲು ಮೆಟ್ರೋ ಕಂಬವನ್ನು ಏರಿ ಕುಳಿತು ಕೊಳಲೂದುತ್ತಾನೆ. ಕರು ಓಡಿ ಬರುತ್ತದೆ. ಇದು ಹಾಡಿನ ಸಾರಾಂಶ. ಕೊನೆಯ ಸಾಲಿನಲ್ಲಿ ಪುರಂದರದಾಸರ ಅಂಕಿತವಿತ್ತು. ಅದನ್ನು ಕಂಡೊಡನೆ ನಾವು, "ಇದು ದಾಸರ ಅಂಕಿತ, ಇದನ್ನು ನೀನು ಹಾಕಬಾರದು. ಅಂಕಿತವನ್ನು ಗುರುಗಳು ಕೊಡಬೇಕು. ದೊಡ್ಡವರು ಹಾಡಿರುವುದನ್ನು ಮೊದಲು ನೆಟ್ಟಗೆ ಕಲಿ, ಪದ ಕಟ್ಟುವುದೆಲ್ಲ ನಮ್ಮಂಥವರ ಕೆಲಸವಲ್ಲ" ಎಂದು ಹೇಳಿ ಹಾಳೆಯನ್ನು ಮರಳಿಸಿದೆವು. ಹುಡುಗಿ ಅದನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಮಂಗಳಾರತಿ ಆಯಿತು, ತೀರ್ಥಪ್ರಸಾದವಾಯಿತು. ನಾವು ಆ ಮಾತನ್ನು ಮರೆತೇಬಿಟ್ಟೆವು.

ಮೂರು ಏಕಾದಶಿಗಳು ಕಳೆದ ಮೇಲೆ ಆ ಬಾಲಿಕೆಯ ಅಜ್ಜಿ ಒಬ್ಬರೇ ಭಜನೆಗೆ ಬಂದಿದ್ದರು. ಮೊಮ್ಮಗಳನ್ನು ವಿಚಾರಿಸಿದಾಗ ಆ ವೃದ್ಧೆಯು ಮೆಲ್ಲಗೆ ನುಡಿದ ಮಾತು ಇಂದಿಗೂ ನಮ್ಮನ್ನು ಬಿಟ್ಟಿಲ್ಲ. "ಆಚಾರ್ಯರೇ, ನೀವು ಹೇಳಿದ್ದು ತಪ್ಪಲ್ಲ. ಆದರೆ ಅವಳು ಕೇಳಿದ ಹಾಡುಗಳೆಲ್ಲ ಆ ಹೆಸರಿನಿಂದಲೇ ಮುಗಿಯುತ್ತವೆ. ದೇವರ ಹಾಡು ಹಾಗೆಯೇ ಮುಗಿಯಬೇಕು ಅಂದುಕೊಂಡಿದ್ದಾಳೆ. ಅಂಕಿತ ಅಂದರೇನೆಂದು ಅವಳಿಗೇನು ಗೊತ್ತು? ಈಗ ಬರೆಯುವುದನ್ನೇ ಬಿಟ್ಟಿದ್ದಾಳೆ."

ನಮ್ಮ ಮಾತು ಶಾಸ್ತ್ರಸಮ್ಮತವಾಗಿತ್ತು. ಅದರ ಫಲ ಮಾತ್ರ ಒಂದು ಮಗುವಿನ ಮೌನ. ಸರಿಯಾದ ಮಾತಿನಿಂದ ಇಂಥ ಫಲ ಬಂದಿತೆಂದರೆ ತಪ್ಪು ಎಲ್ಲಿದೆ? ಎಳೆಯರಲ್ಲಿ ಹುಟ್ಟುವ ರಚನಾಶಕ್ತಿಯನ್ನು ಹಿರಿಯರು ಪೋಷಿಸಬೇಕೆ, ಇಲ್ಲವೇ ಅಹಂಕಾರದ ಭಯದಿಂದ ತಡೆಯಬೇಕೆ? ಈ ವಿಚಾರವನ್ನು ನಮ್ಮ ಸಿದ್ಧಾಂತದ ಬೆಳಕಿನಲ್ಲಿಯೂ ದಾಸಪರಂಪರೆಯ ಇತಿಹಾಸದ ಬೆಳಕಿನಲ್ಲಿಯೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಅಹಂಕಾರದ ಭಯವನ್ನೇ ನೋಡೋಣ. "ನಾನು ಮಾಡಿದೆ" ಎಂಬ ಬುದ್ಧಿಯು ಬಂಧಕವೆಂದು ಶಾಸ್ತ್ರಗಳು ಸಾರುತ್ತವೆ. ಪದ್ಯ ಬರೆದವನಿಗೆ, ಚಿತ್ರ ಬಿಡಿಸಿದವನಿಗೆ ಈ ಬುದ್ಧಿಯು ಬೇಗನೆ ಅಂಟುವುದೂ ನಿಜ. ಆದ್ದರಿಂದ ಮಕ್ಕಳು ಹೊಸದನ್ನು ರಚಿಸದೆ ಹಳೆಯದನ್ನು ಕಂಠಸ್ಥ ಮಾಡಿದರೆ ಸಾಕೆಂದು ಕೆಲವರು ಭಾವಿಸುತ್ತಾರೆ. ನಾವೂ ಅಂದು ಹೀಗೆಯೇ ಭಾವಿಸಿದ್ದೆವು.

ಆದರೆ ಶ್ರೀಮದಾಚಾರ್ಯರ ಸಿದ್ಧಾಂತವು ಜೀವನನ್ನು ಕೈಕಾಲಿಲ್ಲದವನನ್ನಾಗಿ ಮಾಡಿಲ್ಲ. ಜೀವನು ಕರ್ತೃವೇ ಹೌದು, ಅವನು ಕರ್ತೃವಲ್ಲವಾದರೆ ವಿಧಿನಿಷೇಧಗಳಿಗೆ ಅರ್ಥವೇ ಉಳಿಯದು. ಆದರೆ ಅವನ ಕರ್ತೃತ್ವವು ಸ್ವತಂತ್ರವಲ್ಲ, ಶ್ರೀಹರಿಯ ಅಧೀನವಾದುದು. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಈ ವಿಷಯವು ನಿರ್ಣೀತವಾಗಿದೆ. ಅಲ್ಲಿ ಬರುವ ದೃಷ್ಟಾಂತವು ಬಡಗಿಯದು. ಬಡಗಿಯು ಕೆಲಸ ಮಾಡಿಸುವವನ ಅಧೀನನಾಗಿರುವನು. ಆದರೂ ಉಳಿ ಹಿಡಿದು ಮರವನ್ನು ಕೆತ್ತುವವನು ಅವನೇ. ಮಾಡಿಸುವವನಿದ್ದಾನೆಂದು ಬಡಗಿ ಕೈಕಟ್ಟಿ ಕುಳಿತರೆ ಬಾಗಿಲು ಆಗುವುದಿಲ್ಲ. ತಾನೇ ಸರ್ವಸ್ವತಂತ್ರನೆಂದು ಬೀಗಿದರೆ ಅದು ಸುಳ್ಳಾಗುವುದು. ಹೀಗಿರುವಲ್ಲಿ ಅಹಂಕಾರಕ್ಕೆ ಔಷಧ ಯಾವುದು? ಕೆಲಸವನ್ನು ನಿಲ್ಲಿಸುವುದಲ್ಲ, ಮಾಡಿಸುವವನ ನೆನಪನ್ನು ಇಟ್ಟುಕೊಂಡು ಕೆಲಸ ಮಾಡುವುದು. ಬಾಲಿಕೆಯ ಕೈಯಿಂದ ಉಳಿಯನ್ನು ಕಿತ್ತುಕೊಂಡು ನಾವು ಅವಳಿಗೆ ವಿನಯವನ್ನು ಕಲಿಸಿದೆವೆಂದುಕೊಂಡೆವು. ಅದು ವಿನಯವಲ್ಲ, ಬರಿಯ ಕೈ.

ಇನ್ನೊಂದು ಅಂಶವು ಇದಕ್ಕಿಂತಲೂ ಗಂಭೀರವಾದುದು. ಶ್ರೀಹರಿಯು ಜೀವರಿಂದ ಕಾರ್ಯಗಳನ್ನು ಮಾಡಿಸುವಾಗ ಅವರವರ ಸ್ವರೂಪಯೋಗ್ಯತೆ, ಅನಾದಿಕರ್ಮ, ಪ್ರಯತ್ನ ಎಂಬ ಮೂರನ್ನು ಅನುಸರಿಸಿ ಮಾಡಿಸುವನೆಂದು ನಮ್ಮ ಶಾಸ್ತ್ರ ಹೇಳುತ್ತದೆ. ಆಲಂಕಾರಿಕರೂ ಕಾವ್ಯಕ್ಕೆ ಕಾರಣಗಳನ್ನು ಹೇಳುವಾಗ ಹುಟ್ಟಿನಿಂದ ಬಂದ ಪ್ರತಿಭೆ, ಲೋಕಶಾಸ್ತ್ರಗಳ ಪರಿಚಯದಿಂದ ಬರುವ ವ್ಯುತ್ಪತ್ತಿ, ಬಲ್ಲವರ ಬಳಿಯ ಅಭ್ಯಾಸ ಎಂದು ಮೂರನ್ನು ಎಣಿಸುತ್ತಾರೆ. ಎರಡು ಎಣಿಕೆಗಳೂ ಒಂದೇ ಅಲ್ಲದಿದ್ದರೂ ಎರಡರಲ್ಲಿಯೂ ಒಂದು ಸಮಾನವಾದ ಸಂಗತಿಯುಂಟು. ಒಳಗಿರುವುದನ್ನು ನಾವು ಕೊಡಲಾರೆವು. ಪ್ರಯತ್ನ ಮತ್ತು ಅಭ್ಯಾಸಗಳಿಗೆ ಅವಕಾಶವನ್ನು ಮಾತ್ರ ಕೊಡಬಲ್ಲೆವು.

ಜೀವಜೀವರಲ್ಲಿ ಭೇದವಿದೆಯೆಂಬುದು ಪಂಚಭೇದಗಳಲ್ಲಿ ಒಂದಷ್ಟೆ. ಒಬ್ಬ ಜೀವನು ಇನ್ನೊಬ್ಬನಂತಿಲ್ಲ. ಒಬ್ಬನ ಯೋಗ್ಯತೆ ಇನ್ನೊಬ್ಬನದಲ್ಲ. ಈ ತತ್ತ್ವವನ್ನು ನಿತ್ಯವೂ ಪಠಿಸುವ ನಾವು ಅದರ ಲೌಕಿಕ ಅರ್ಥವನ್ನು ಮರೆತುಬಿಡುತ್ತೇವೆ. ಪ್ರತಿಯೊಂದು ಮಗುವೂ ತನ್ನದೇ ಆದ ಒಂದು ಕಣ್ಣಿನಿಂದ ಭಗವಂತನ ಸೃಷ್ಟಿಯನ್ನು ನೋಡುತ್ತದೆ. ಕೃಷ್ಣನನ್ನು ಮೆಟ್ರೋ ಕಂಬದ ಮೇಲೆ ಕಂಡ ಕಣ್ಣು ಆ ಬಾಲಿಕೆಗೆ ಮಾತ್ರ ಇತ್ತು. ಅರುವತ್ತು ವರ್ಷ ಭಾಗವತವನ್ನು ಕೇಳಿದ ನಮಗೆ ಇರಲಿಲ್ಲ. ಆ ಯೋಗ್ಯತೆಯ ಅಳತೆ ಯಾರಿಗೆ ತಿಳಿದೀತು? ಅಪರೋಕ್ಷಜ್ಞಾನಿಗಳಾದ ಮಹಾತ್ಮರಿಗೆ ತಿಳಿದೀತು. ನಾವು ಅಪರೋಕ್ಷಜ್ಞಾನಿಗಳಲ್ಲ. ಹಾಗಿರುವಾಗ "ಇದು ನಿನ್ನ ಕೆಲಸವಲ್ಲ" ಎಂದು ತೀರ್ಪು ಕೊಡುವ ಅಧಿಕಾರ ನಮಗೆಲ್ಲಿಂದ ಬಂದಿತು? ಯೋಗ್ಯತೆ ಇದೆಯೆಂದು ಹೊಗಳಿ ತಲೆಗೇರಿಸುವುದು ಎಷ್ಟು ತಪ್ಪೋ, ಇಲ್ಲವೆಂದು ನಿರ್ಧರಿಸಿ ಬಾಯಿ ಮುಚ್ಚಿಸುವುದೂ ಅಷ್ಟೇ ತಪ್ಪು. ಎರಡರಲ್ಲಿಯೂ ನಮಗೆ ಕಾಣದ ವಸ್ತುವನ್ನು ಕಂಡಂತೆ ಮಾತನಾಡಿದಂತಾಗುವುದು. ನಿಜವಾಗಿ ವಿಚಾರಿಸಿದರೆ ಅಂದು ಅಹಂಕಾರವಿದ್ದುದು ಹಾಳೆ ಹಿಡಿದವಳಲ್ಲಿ ಅಲ್ಲ, ಹಾಳೆಯನ್ನು ಮರಳಿಸಿದವರಲ್ಲಿ.

ಇನ್ನು ನಮ್ಮ ಹಿರಿಯರು ಹೇಗೆ ನಡೆದುಕೊಂಡರೆಂಬುದನ್ನು ನೋಡೋಣ. ಮುಳಬಾಗಿಲಿನ ಶ್ರೀಪಾದರಾಜರು ಸಂಸ್ಕೃತದಲ್ಲಿ ಪ್ರೌಢ ವಿದ್ವಾಂಸರು, ಪೀಠಾಧಿಪತಿಗಳು. ಸಂಸ್ಕೃತವೊಂದರಲ್ಲಿಯೇ ಇದ್ದು ಕೀರ್ತಿ ಪಡೆಯುವುದು ಅವರಿಗೆ ಸುಲಭವಾಗಿತ್ತು. ಆದರೂ ಅವರು ರಂಗವಿಠಲಾಂಕಿತದಿಂದ ಕನ್ನಡದಲ್ಲಿ ಪದಗಳನ್ನು ರಚಿಸಿ ದೇವರ ಮುಂದೆ ಹಾಡಿದರು. ಅವರ ಶಿಷ್ಯರಾದ ಶ್ರೀ ವ್ಯಾಸರಾಜರು (1460-1539) ಒಂದು ಕೈಯಲ್ಲಿ ನ್ಯಾಯಾಮೃತ, ತಾತ್ಪರ್ಯಚಂದ್ರಿಕೆ, ತರ್ಕತಾಂಡವಗಳಂಥ ಉದ್ಗ್ರಂಥಗಳನ್ನು ರಚಿಸಿದರೆ ಇನ್ನೊಂದು ಕೈಯಿಂದ ದಾಸಕೂಟವನ್ನು ಪೋಷಿಸಿದರು. ಹಣದ ವ್ಯವಹಾರವನ್ನು ಬಿಟ್ಟು ಬಂದ ಪುರಂದರದಾಸರು ಅವರ ಆಶ್ರಯದಲ್ಲಿ ಬೆಳೆದರು. ಕುಲದ ಕಾರಣದಿಂದ ಇತರರು ಆಕ್ಷೇಪಿಸಿದ ಕನಕದಾಸರನ್ನೂ ಅವರೇ ಮನ್ನಿಸಿದರು. ಬಾಳೆಯ ಹಣ್ಣನ್ನು ಯಾರೂ ಕಾಣದಲ್ಲಿ ತಿಂದು ಬನ್ನಿರೆಂದು ಗುರುಗಳು ಪರೀಕ್ಷಿಸಿದ ಕಥೆಯನ್ನು ಅರಿಯದ ಮಗುವಿಲ್ಲ. ಆ ಕಥೆಯಲ್ಲಿ ನಾವು ಕನಕದಾಸರ ಉತ್ತರವನ್ನು ಮಾತ್ರ ಮೆಚ್ಚುತ್ತೇವೆ. ಎಲ್ಲರ ಮುಂದೆ ಅವರಿಗೆ ಮಾತನಾಡಲು ಸಂದರ್ಭವನ್ನು ಒದಗಿಸಿಕೊಟ್ಟ ಗುರುಗಳ ಜಾಣ್ಮೆಯನ್ನು ಗಮನಿಸುವುದಿಲ್ಲ. ಮೋಹನತರಂಗಿಣಿ, ನಳಚರಿತ್ರೆ, ಹರಿಭಕ್ತಿಸಾರ, ರಾಮಧಾನ್ಯಚರಿತ್ರೆಗಳನ್ನು ಕೊಟ್ಟ ಕವಿಗೆ ಆ ಸಭೆಯಲ್ಲಿ ಸ್ಥಾನವಿಲ್ಲದಿದ್ದರೆ ನಷ್ಟ ಯಾರದಾಗುತ್ತಿತ್ತು?

ಪುರಂದರದಾಸರಂತೂ ಕಲಿಯುವವರ ಮೇಲೆ ತೋರಿದ ಕರುಣೆ ಅಸಾಧಾರಣವಾದುದು. ಸಂಗೀತಾಭ್ಯಾಸದ ಮೊದಲ ಪಾಠಗಳಾದ ಸರಳೆ, ಜಂಟಿವರಸೆ, ಅಲಂಕಾರ, ಗೀತೆಗಳ ಕ್ರಮವನ್ನು ಅವರು ಹಾಕಿಕೊಟ್ಟರೆಂದೂ ಮೊದಲ ಪಾಠಕ್ಕೆ ಮಾಯಾಮಾಳವಗೌಳ ರಾಗವನ್ನು ಆರಿಸಿದವರೂ ಅವರೇ ಎಂದೂ ಸಂಗೀತಲೋಕವು ಒಪ್ಪಿ ಅವರನ್ನು ಕರ್ಣಾಟಕ ಸಂಗೀತಪಿತಾಮಹರೆಂದು ಕರೆದಿದೆ. ಅಷ್ಟು ದೊಡ್ಡ ವಾಗ್ಗೇಯಕಾರರು ಇನ್ನೂ ಸ್ವರವನ್ನೇ ಹಿಡಿಯಲಾರದ ಕೂಸಿಗಾಗಿ ಮೆಟ್ಟಿಲು ಕಟ್ಟಲು ಕುಳಿತರೆಂಬುದನ್ನು ನೆನೆದರೆ ಮೈ ನವಿರೇಳುತ್ತದೆ. ಮೊದಲ ಮೆಟ್ಟಿಲಿನಲ್ಲಿರುವವನನ್ನು ನೋಡಿ "ನೀನಿನ್ನೂ ಮೇಲೆ ಬಂದಿಲ್ಲ" ಎಂದು ಅವರು ಜರಿಯಲಿಲ್ಲ. ಎರಡನೆಯ ಮೆಟ್ಟಿಲನ್ನು ಕಟ್ಟಿದರು. ತಿರುವೈಯಾರಿನ ಶ್ರೀ ತ್ಯಾಗರಾಜರು (1767-1847) ತಮ್ಮ ಪ್ರಹ್ಲಾದಭಕ್ತಿವಿಜಯದ ಆರಂಭದಲ್ಲಿ ಪುರಂದರದಾಸರಿಗೆ ವಂದನೆ ಸಲ್ಲಿಸಿದ್ದಾರೆ. ಭಾಷೆ ಬೇರೆ, ನಾಡು ಬೇರೆ, ನಡುವೆ ಎರಡು ಶತಮಾನಗಳ ಅಂತರ. ಆದರೂ ಮೆಟ್ಟಿಲು ಕಟ್ಟಿದವರ ಋಣವನ್ನು ಆ ಮಹನೀಯರು ಮರೆಯಲಿಲ್ಲ.

ಚೌಕಟ್ಟಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಸ್ವಾತಂತ್ರ್ಯವಿದ್ದಲ್ಲಿ ಮಾತ್ರ ಪ್ರತಿಭೆ ಅರಳುತ್ತದೆಂದೂ ನಿಯಮಗಳು ಅದನ್ನು ಒಣಗಿಸುತ್ತವೆಂದೂ ಈಚೆಗೆ ಹೇಳುವವರಿದ್ದಾರೆ. ದಾಸಸಾಹಿತ್ಯವು ಈ ಮಾತನ್ನು ಪೂರ್ತಿ ಒಪ್ಪುವುದಿಲ್ಲ, ಪೂರ್ತಿ ತಳ್ಳಿಹಾಕುವುದೂ ಇಲ್ಲ. ಸುಳಾದಿಯನ್ನು ನೋಡಿರಿ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ, ಏಕ ಎಂಬ ಬೇರೆ ಬೇರೆ ತಾಳಗಳಲ್ಲಿ ನಡೆದು ಜತೆಯಲ್ಲಿ ಮುಗಿಯುವ ಬಿಗಿಯಾದ ಬಂಧ ಅದು. ಉಗಾಭೋಗಕ್ಕಾದರೋ ತಾಳದ ಕಟ್ಟಿಲ್ಲ, ಮನಸ್ಸು ಉಕ್ಕಿದಂತೆ ಹಾಡಿಕೊಳ್ಳಬಹುದು. ಹಿರಿಯರು ಎರಡನ್ನೂ ಇಟ್ಟರು. ಬಿಗಿಯಾದ ಬಂಧವಿಲ್ಲದಿದ್ದರೆ ಶಕ್ತಿ ಹರಿದುಹೋಗುತ್ತದೆ. ಬಿಡುವಿಲ್ಲದಿದ್ದರೆ ಉಸಿರು ಕಟ್ಟುತ್ತದೆ. ಮಗುವಿಗೆ ಪ್ರಾಸ, ಮಾತ್ರೆ, ತಾಳಗಳನ್ನು ಕಲಿಸಲೇಬೇಕು. ಕಲಿಸುವುದರ ನಡುವೆ ಅದರ ಉಗಾಭೋಗಕ್ಕೂ ಕಿವಿಗೊಡಬೇಕು.

ಪುರಂದರದಾಸರ ತರುವಾಯ ಒಂದು ಶತಮಾನಕ್ಕೂ ಹೆಚ್ಚು ಕಾಲ ಮಂಕಾಗಿದ್ದ ದಾಸಪಂಥವು ಮತ್ತೆ ಚಿಗುರಿದುದು ರಾಯಚೂರು ಸೀಮೆಯಲ್ಲಿ. ಅದು ಚಿಗುರಿದ ರೀತಿಯು ನಮ್ಮ ವಿಚಾರಕ್ಕೆ ಅತ್ಯಂತ ಉಪಯುಕ್ತವಾದುದು. ಮಾನವಿ ತಾಲ್ಲೂಕಿನ ಚೀಕಲಪರವಿಯಲ್ಲಿ 1682ರಲ್ಲಿ ಜನಿಸಿದ ಶ್ರೀ ವಿಜಯದಾಸರು ಕಡುಬಡತನದಲ್ಲಿ ಬೆಳೆದವರು. ಕಾಶಿಯಲ್ಲಿ ಅವರಿಗೆ ಸ್ವಪ್ನದಲ್ಲಿ ಪುರಂದರದಾಸರ ದರ್ಶನವಾಗಿ ವಿಜಯವಿಠಲಾಂಕಿತವು ದೊರೆಯಿತೆಂದು ಸಂಪ್ರದಾಯವು ಹೇಳುತ್ತದೆ. ಅಲ್ಲಿಗೇ ನಿಂತಿದ್ದರೆ ಅದು ಒಬ್ಬರ ಭಾಗ್ಯವಾಗುತ್ತಿತ್ತು. ಅವರು ತಾವು ಪಡೆದುದನ್ನು ಹಂಚಿದರು. ತಾವೇ ಸಾಕಿ ಬೆಳೆಸಿದ ಮೋಹನದಾಸರಿಗೂ ಮೊಸರುಕಲ್ಲಿನ ಭಾಗಣ್ಣನೆಂಬ ಬಡ ತರುಣನಿಗೂ ಅಂಕಿತವನ್ನು ಕೊಟ್ಟರು. ಆ ಭಾಗಣ್ಣನೇ ಶ್ರೀ ಗೋಪಾಲದಾಸರು. ಗೋಪಾಲದಾಸರ ಮೂವರು ತಮ್ಮಂದಿರೂ ಗುರುಗೋಪಾಲ, ವರದಗೋಪಾಲ, ತಂದೆಗೋಪಾಲವಿಠಲರೆಂಬ ಅಂಕಿತಗಳಿಂದ ಪದಗಳನ್ನು ರಚಿಸಿದರು. ಒಂದೇ ಮನೆಯ ನಾಲ್ವರು ಸಹೋದರರೂ ಪದಕರ್ತರು! ಒಬ್ಬನು ಬರೆಯುವಾಗ ಉಳಿದವರು ನಗದೆ ಕೇಳಿದ ಮನೆ ಅದಾಗಿದ್ದಿರಬೇಕೆಂದು ನಮಗೆ ತೋರುತ್ತದೆ.

ಶ್ರೀ ಜಗನ್ನಾಥದಾಸರ (1728-1809) ಚರಿತ್ರೆಯು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಕರೆದೊಯ್ಯುತ್ತದೆ. ಬ್ಯಾಗವಟ್ಟಿಯ ಶ್ರೀನಿವಾಸಾಚಾರ್ಯರೆಂಬ ಈ ಪಂಡಿತರಿಗೆ ಮೊದಲಲ್ಲಿ ಕನ್ನಡದಲ್ಲಿ ಪದ ಹಾಡುವವರ ವಿಷಯದಲ್ಲಿ ಆದರವಿರಲಿಲ್ಲ. ವಿಜಯದಾಸರು ಪ್ರಸಾದಕ್ಕೆ ಆಹ್ವಾನಿಸಿದಾಗ ಉದರಶೂಲೆಯ ನೆಪವನ್ನು ಹೇಳಿದರು. ಆ ನೆಪವೇ ನಿಜವಾದ ವ್ಯಾಧಿಯಾಗಿ ಕಾಡಿತು. ಕೊನೆಗೆ ಗೋಪಾಲದಾಸರ ಬಳಿಗೆ ಹೋಗಬೇಕಾಯಿತು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದು ಸಂಪ್ರದಾಯದ ನಂಬಿಕೆ. 1762ರಲ್ಲಿ ಗೋಪಾಲದಾಸರು ನಡುವಯಸ್ಸಿನಲ್ಲಿಯೇ ದೇಹಬಿಟ್ಟರು. ಜಗನ್ನಾಥದಾಸರು ಎಂಬತ್ತನ್ನು ದಾಟಿ ಬಾಳಿದರು. ಆ ಆಯುಷ್ಯದ ಫಲವೇ ಭಾಮಿನಿಷಟ್ಪದಿಯ ಹರಿಕಥಾಮೃತಸಾರ. ಆ ಗ್ರಂಥದ ಕೊನೆಯಲ್ಲಿರುವ ಫಲಶ್ರುತಿಸಂಧಿಯನ್ನು ರಚಿಸಿದವರು ಶಿಷ್ಯರಾದ ಶ್ರೀದವಿಠಲರು. ಗುರುವಿನ ಗ್ರಂಥಕ್ಕೆ ಶಿಷ್ಯನ ಸಂಧಿಯೊಂದು ಸೇರಿಕೊಂಡಿದ್ದರೂ ಪಾರಾಯಣ ಮಾಡುವವರು ಎರಡನ್ನೂ ಒಂದೇ ಭಕ್ತಿಯಿಂದ ಓದುತ್ತಾರೆ.

ಈ ಆಯುರ್ದಾನದ ಕಥೆಯನ್ನು ನಾವು ಪವಾಡವೆಂದು ಕೇಳಿ ಕೈಮುಗಿದು ಎದ್ದುಹೋಗುತ್ತೇವೆ. ಅದರಲ್ಲಿ ನಿತ್ಯಜೀವನಕ್ಕೆ ಬೇಕಾದ ಒಂದು ಪಾಠವೂ ಅಡಗಿದೆ. ಇನ್ನೊಬ್ಬರ ಪ್ರತಿಭೆಯನ್ನು ಬೆಳೆಸುವುದೆಂದರೆ ನಮ್ಮ ಆಯುಷ್ಯದ ಒಂದು ಭಾಗವನ್ನು ಅವರಿಗೆ ಕೊಡುವುದು. ಬೇರೆ ದಾರಿಯಿಲ್ಲ. ಬಹುಮಾನ ಕೊಡುವುದು ಸುಲಭ, ಶಾಲು ಹೊದಿಸುವುದು ಸುಲಭ, ಚಪ್ಪಾಳೆ ತಟ್ಟುವುದು ಇನ್ನೂ ಸುಲಭ. ಮಗುವಿನ ಪಕ್ಕದಲ್ಲಿ ಕುಳಿತು ಅದು ಬರೆದುದನ್ನು ಮೊದಲಿನಿಂದ ಕೊನೆಯವರೆಗೆ ಓದುವುದು ಕಷ್ಟ, ಏಕೆಂದರೆ ಅದಕ್ಕೆ ಸಮಯ ಬೇಕು. ನಲವತ್ತು ವರ್ಷ ಕೊಡುವ ಶಕ್ತಿ ನಮಗಿಲ್ಲ. ಅರ್ಧ ಗಂಟೆ ಕೊಡಬಹುದಾಗಿತ್ತು. ಆರಾಧನೆಯ ದಿನ ಮಂಗಳಾರತಿಯ ಅವಸರದಲ್ಲಿ ನಾವು ಕೊಡದೆ ಹೋದುದು ಅದನ್ನೇ.

ಸ್ತ್ರೀಯರ ವಿಷಯವನ್ನು ಪ್ರತ್ಯೇಕವಾಗಿ ನೆನೆಯಬೇಕು. ರಾಣೆಬೆನ್ನೂರಿನ ಕಡೆಯ ಹೆಳವನಕಟ್ಟೆ ಗಿರಿಯಮ್ಮನವರು ಗೋಪಾಲದಾಸರ ಅನುಗ್ರಹಕ್ಕೆ ಪಾತ್ರರಾಗಿ ಹೆಳವನಕಟ್ಟೆಯ ರಂಗನ ಅಂಕಿತದಲ್ಲಿ ಹಾಡಿದರು; ಚಂದ್ರಹಾಸನ ಕಥೆಯಂಥ ದೀರ್ಘವಾದ ಕೃತಿಗಳನ್ನೂ ರಚಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಹರಪನಹಳ್ಳಿ ಭೀಮವ್ವನವರು ಭೀಮೇಶಕೃಷ್ಣಾಂಕಿತದಿಂದ ಹಾಡಿದ ಪದಗಳು ಮನೆಮನೆಯ ಹೆಂಗಸರ ಬಾಯಲ್ಲಿ ಉಳಿದು ಬಂದಿವೆ. ಶ್ರೀಮದ್ವಾದಿರಾಜರು ಸಂಸ್ಕೃತದಲ್ಲಿ ರುಕ್ಮಿಣೀಶವಿಜಯವೆಂಬ ಮಹಾಕಾವ್ಯವನ್ನು ರಚಿಸಿದವರಾದರೂ ಮದುವೆಯ ಮನೆಯಲ್ಲಿ ಹೆಂಗಸರು ಹಾಡಿಕೊಳ್ಳಲೆಂದು ಕನ್ನಡದಲ್ಲಿ ಲಕ್ಷ್ಮೀಶೋಭಾನೆಯನ್ನೂ ಕೊಟ್ಟರು. ಅಡಿಗೆಮನೆಯೂ ಹಸೆಮಣೆಯೂ ತೊಟ್ಟಿಲೂ ನಮ್ಮಲ್ಲಿ ಕಾವ್ಯದ ಪಾಠಶಾಲೆಗಳೇ ಆಗಿದ್ದುವು. ತುಲಸೀಕಟ್ಟೆಯ ಮುಂದಿನ ರಂಗವಲ್ಲಿಯೂ ಇದಕ್ಕೆ ಹೊರತಲ್ಲ. ಚೈತ್ರದ ಗೌರಿಗೆಂದು ಒಬ್ಬಳು ಬಿಡಿಸಿದ ಪದ್ಮಕ್ಕೂ ಅವಳ ಸೊಸೆ ಬಿಡಿಸಿದ ಪದ್ಮಕ್ಕೂ ಒಂದು ಎಸಳಿನ ವ್ಯತ್ಯಾಸವಿರುತ್ತದೆ. ಆ ಒಂದು ಎಸಳು ಅವಳ ಸ್ವಂತದ್ದು.

ಆದರೆ ಎಷ್ಟೋ ರಚನೆಗಳು ಉಳಿಯಲಿಲ್ಲ. ಪುರಂದರದಾಸರ ಕೃತಿಗಳ ಸಂಖ್ಯೆಯು 4,75,000 ಎಂದು ಸಂಪ್ರದಾಯದ ಎಣಿಕೆ. ನಮ್ಮ ಕೈಗೆ ಬಂದುದು ಅದರ ಒಂದು ಅಲ್ಪಾಂಶ ಮಾತ್ರ. ಕಳೆದ ಶತಮಾನದಲ್ಲಿ ಲಿಂಗಸುಗೂರಿನ ಗೋರೆಬಾಳ ಹನುಮಂತರಾಯರಂಥವರು ಶ್ರೀ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ದಾಸರ ಕೃತಿಗಳನ್ನು ಸಂಗ್ರಹಿಸಿ ಮುದ್ರಿಸದಿದ್ದರೆ ಇನ್ನೂ ಎಷ್ಟು ಕಳೆದುಹೋಗುತ್ತಿತ್ತೋ! ನಮ್ಮ ಮನೆಯಲ್ಲಿಯೇ ಒಬ್ಬ ಹಿರಿಯರ ಹಾಡಿನ ವಹಿಯೊಂದಿತ್ತು. ದಾಸರ ಪದಗಳ ನಡುವೆ ಯಾವ ಅಂಕಿತವೂ ಇಲ್ಲದ ಕೆಲವು ಹಾಡುಗಳಿದ್ದುವು. ಅವು ಯಾರವೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮನೆ ಬದಲಾಯಿಸುವಾಗ ಆ ವಹಿ ರದ್ದಿಯೊಡನೆ ಹೊರಟುಹೋಯಿತು. ಅವು ಅವರೇ ಕಟ್ಟಿದ ಹಾಡುಗಳೆಂದು ನಮಗೆ ಹೊಳೆದುದು ಬಹಳ ತಡವಾಗಿ.

ಹಾಗಾದರೆ ಅಂಕಿತದ ನಿಯಮಕ್ಕೆ ಬೆಲೆಯಿಲ್ಲವೇ ಎಂದು ಆಸ್ತಿಕರು ಕೇಳಬಹುದು. ಖಂಡಿತವಾಗಿಯೂ ಇದೆ. ಪರರ ಅಂಕಿತದಲ್ಲಿ ಹಾಡು ಕಟ್ಟುವುದರಿಂದ ಯಾವುದು ದಾಸರದು, ಯಾವುದು ಇತರರದು ಎಂಬ ವಿವೇಕವೇ ಕೆಡುತ್ತದೆ. ಪುರಂದರದಾಸರ ಹೆಸರಿನಲ್ಲಿ ಹೀಗೆ ಸೇರಿಕೊಂಡಿರುವ ಹಾಡುಗಳನ್ನು ಬೇರ್ಪಡಿಸಲು ವಿದ್ವಾಂಸರು ಇಂದಿಗೂ ಶ್ರಮಪಡುತ್ತಿದ್ದಾರೆ. ಆದರೆ ಅಂಕಿತದ ಹೃದಯವನ್ನು ತಿಳಿಯಬೇಕು. ಲೋಕದಲ್ಲಿ ಬರೆದವನು ಕೆಳಗೆ ತನ್ನ ಹೆಸರನ್ನು ಬರೆಯುತ್ತಾನೆ. ದಾಸನು ತನ್ನ ಹೆಸರಿನ ಜಾಗದಲ್ಲಿ ತನ್ನ ಸ್ವಾಮಿಯ ಹೆಸರನ್ನು ಬರೆಯುತ್ತಾನೆ. ಗುರುವು ಅಂಕಿತವನ್ನು ಕೊಡುವಾಗ ಏಕಕಾಲದಲ್ಲಿ ಎರಡು ಕೆಲಸ ಮಾಡುತ್ತಾನೆ: "ಹಾಡು" ಎಂದು ಅಪ್ಪಣೆ ಕೊಡುತ್ತಾನೆ; "ಹಾಡಿಸಿದವನನ್ನು ಮರೆಯಬೇಡ" ಎಂದು ಎಚ್ಚರಿಸುತ್ತಾನೆ. ಪ್ರೋತ್ಸಾಹವೂ ವಿನಯವೂ ಒಂದೇ ಶಬ್ದದಲ್ಲಿ ಕೂಡಿರುವ ಇಂಥ ವ್ಯವಸ್ಥೆ ನಮ್ಮ ಹಿರಿಯರ ದೊಡ್ಡ ಕೊಡುಗೆ. ನಾವು ಅದರ ಎಚ್ಚರಿಕೆಯನ್ನು ಮಾತ್ರ ಉಳಿಸಿಕೊಂಡು ಅಪ್ಪಣೆಯನ್ನು ಕೈಬಿಟ್ಟೆವು. ದಾರಿಯ ನಡುವೆ ಗುರುಗಳು ಕೊಡುವ ಬುತ್ತಿಯನ್ನು ಹೊಸಿಲಿನಲ್ಲಿ ನಿಲ್ಲಿಸುವ ಅಗಳಿಯನ್ನಾಗಿ ಮಾಡಿದೆವು. ಅಂಕಿತ ಬೇರೆ, ಅಭ್ಯಾಸ ಬೇರೆ. ಅಂಕಿತವು ಬರುವ ಕಾಲಕ್ಕೆ ಬರಲಿ. ಅಲ್ಲಿಯವರೆಗೆ ಮಗು ಅಂಕಿತವಿಲ್ಲದೆ ಬರೆಯಲಿ. ಬರೆದುದನ್ನು ದೇವರ ಮುಂದಿಟ್ಟು ನಮಸ್ಕರಿಸುವುದನ್ನು ಕಲಿಯಲಿ.

ತಿದ್ದುವುದು ಬೇಡವೆಂದೂ ನಮ್ಮ ಅಭಿಪ್ರಾಯವಲ್ಲ. ತಾರತಮ್ಯಕ್ಕೆ ವಿರುದ್ಧವಾದ ಮಾತು ಬಂದಿದ್ದರೆ ತಿಳಿಯಹೇಳಬೇಕು. ಪ್ರಾಸ ತಪ್ಪಿದ್ದರೆ ತೋರಿಸಬೇಕು. ಬೇರೆಯವರ ಸಾಲನ್ನು ಎತ್ತಿಕೊಂಡಿದ್ದರೆ ಅದು ಋಣವೆಂದು ಹೇಳಬೇಕು. ಆದರೆ ಮೊದಲು ಪೂರ್ತಿ ಕೇಳಬೇಕು. ಕೇಳಿದ ಮೇಲೆ ಚೆನ್ನಾಗಿರುವ ಒಂದು ಸಾಲನ್ನು ಹೆಸರಿಸಿ ಹೇಳಬೇಕು. ಆಮೇಲೆ ಒಂದೇ ಒಂದು ತಪ್ಪನ್ನು ತೋರಿಸಿ, ಮುಂದಿನ ಸಲ ತಿದ್ದಿ ತರಲು ಹೇಳಬೇಕು. "ಮುಂದಿನ ಸಲ" ಎಂಬ ಎರಡು ಶಬ್ದಗಳಲ್ಲಿ ಇರುವ ಪೋಷಣೆ ಹತ್ತು ಹೊಗಳಿಕೆಗಳಲ್ಲಿ ಇಲ್ಲ.

ನಮ್ಮ ಟಿ. ದಾಸರಹಳ್ಳಿಯ ಸ್ಥಿತಿಯನ್ನು ನೆನೆದಾಗ ಈ ಹೊಣೆ ಇನ್ನೂ ಹೆಚ್ಚಿನದೆಂದು ತೋರುತ್ತದೆ. ಪೀಣ್ಯದ ಕಾರ್ಖಾನೆಗಳನ್ನು ನಂಬಿ ರಾಯಚೂರು, ಕಲಬುರಗಿ, ವಿಜಯಪುರ, ಧಾರವಾಡ, ಉಡುಪಿ ಮುಂತಾದ ಸೀಮೆಗಳಿಂದ ಬಂದು ನೆಲೆಸಿದವರು ಇಲ್ಲಿ ಬಹಳ. ಊರಿನಲ್ಲಿ ಅಜ್ಜಿಯ ಮಗ್ಗುಲಲ್ಲಿ ಮಲಗಿ ಕೇಳುತ್ತಿದ್ದ ಹಾಡು ಇಲ್ಲಿನ ಎರಡು ಕೋಣೆಯ ಮನೆಗೆ ಅರ್ಧ ಮಾತ್ರ ಬಂದು ಮುಟ್ಟಿದೆ. 2015ರ ಮೇ ತಿಂಗಳಲ್ಲಿ ದಾಸರಹಳ್ಳಿಯ ಮೆಟ್ರೋ ನಿಲ್ದಾಣ ತೆರೆದ ಮೇಲೆ ಊರು ನಗರದ ನಡುವಿಗೆ ಹತ್ತಿರವಾಗಿದೆ. ತಂದೆತಾಯಿಗಳು ಮನೆಯಿಂದ ಇನ್ನಷ್ಟು ದೂರ ಹೋಗಿ ದುಡಿದು ಬರುತ್ತಾರೆ. ಮಕ್ಕಳ ಕೈಯಲ್ಲಿ ಮೊಬೈಲು ಇದೆ. ಬೇಕಾದ ಹಾಡನ್ನು ಯಾರೋ ಹಾಡಿಕೊಡುತ್ತಾರೆ. ಕೇಳಿದ ಕ್ಷಣದಲ್ಲಿ ಪ್ರಾಸಬದ್ಧವಾಗಿ ಪದ್ಯ ಹೊಸೆದುಕೊಡುವ ಯಂತ್ರಗಳೂ ಈಗ ಬಂದಿವೆ. ಅವುಗಳನ್ನು ನಿಂದಿಸಿ ಪ್ರಯೋಜನವಿಲ್ಲ. ಆದರೆ ಪ್ರಯತ್ನವಿಲ್ಲದೆ ದೊರೆತ ಪದ್ಯವು ಮಗುವಿನ ಸಾಧನೆಯಾಗಲಾರದು. ಬೇರೊಬ್ಬರು ಮಾಡಿದ ಪ್ರದಕ್ಷಿಣೆಯಿಂದ ನಮ್ಮ ಕಾಲು ಗಟ್ಟಿಯಾಗುವುದೇ? ಮಗು ತಪ್ಪಾದ ಮಾತ್ರೆಯಲ್ಲಿ ತಾನೇ ಬರೆದ ನಾಲ್ಕು ಸಾಲು ಆ ನಯವಾದ ಪದ್ಯಕ್ಕಿಂತ ಪೂಜ್ಯವಾದುದು.

ಆದ್ದರಿಂದ ನಮ್ಮ ಭಜನೆಯ ಕುಟುಂಬಗಳು ಒಂದು ಸಣ್ಣ ನಿಯಮವನ್ನು ಮಾಡಿಕೊಂಡಿವೆ. ಏಕಾದಶಿಯ ಭಜನೆಯಲ್ಲಿ ಅರ್ಧ ಗಂಟೆ ಮಕ್ಕಳದು. ಬರೆದವರು ಓದಬಹುದು, ಚಿತ್ರ ಬಿಡಿಸಿದವರು ತೋರಿಸಬಹುದು, ಹಾಡಿಗೆ ಹೊಸ ರಾಗವನ್ನು ಹಚ್ಚಿದವರು ಹಾಡಬಹುದು. ಸ್ಪರ್ಧೆಯಿಲ್ಲ, ಬಹುಮಾನವಿಲ್ಲ. ಹಿರಿಯರು ಮಾತನಾಡದೆ ಕೇಳುವುದು, ಆಮೇಲೆ ಒಂದು ಗುಣ ಒಂದು ದೋಷ ಹೇಳುವುದು. ಮನೆಯಲ್ಲಿರುವ ಹಿರಿಯ ಹೆಂಗಸರ ಹಾಡಿನ ವಹಿಗಳನ್ನು ಮಕ್ಕಳೇ ಕುಳಿತು ನಕಲು ಮಾಡುವುದು, ಅಂಕಿತವಿಲ್ಲದ ಹಾಡು ಕಂಡರೆ "ಅಜ್ಜಿ, ಇದು ಯಾರದು?" ಎಂದು ಕೇಳುವುದು. ಇಷ್ಟನ್ನು ಮಾಡಲು ಹಣ ಬೇಡ, ಕಟ್ಟಡ ಬೇಡ. ಅನ್ಯ ಬಡಾವಣೆಗಳ ಸಜ್ಜನರೂ ಇದನ್ನು ಆಚರಣೆಗೆ ತರಬಹುದೆಂದು ವಿಜ್ಞಾಪಿಸುತ್ತೇವೆ.

ಆ ಬಾಲಿಕೆಯ ವಿಷಯವನ್ನು ಹೇಳಿ ಮುಗಿಸುತ್ತೇವೆ. ನಾವು ಅವಳ ಮನೆಗೆ ಹೋಗಿ, "ಮಗೂ, ಅಂದು ನಿನ್ನ ಹಾಡನ್ನು ನಾವು ಪೂರ್ತಿ ಕೇಳಲಿಲ್ಲ, ಅದು ನಮ್ಮ ತಪ್ಪು. ಈಗ ಹಾಡುತ್ತೀಯಾ?" ಎಂದು ಕೇಳಿದೆವು. ಅವಳು ಬಹಳ ಹೊತ್ತು ಅಜ್ಜಿಯ ಸೆರಗನ್ನು ಹಿಡಿದುಕೊಂಡು ಸುಮ್ಮನಿದ್ದಳು. ಹಾಳೆಯನ್ನು ಎಸೆದುಬಿಟ್ಟಿದ್ದೇನೆ ಎಂದಳು. ನಾವು ಸುಮ್ಮನೆ ಹಿಂತಿರುಗಿದೆವು. ಹಿರಿಯರು ಕ್ಷಮೆ ಕೇಳಿದೊಡನೆ ಎಲ್ಲವೂ ಮೊದಲಿನಂತಾಗುವುದೆಂಬ ಭ್ರಮೆ ಯಾರಿಗೂ ಬೇಡ.

ಎರಡು ತಿಂಗಳ ಮೇಲೆ, ಒಂದು ಏಕಾದಶಿಯಂದು ಅವಳು ಅಜ್ಜಿಯೊಡನೆ ಬಂದು ಹೊಸ ಹಾಳೆಯೊಂದನ್ನು ಬಿಚ್ಚಿದಳು. ಅದು ಹಳೆಯ ಹಾಡಲ್ಲ, ಬೇರೊಂದು. ನಾವು ಪೂರ್ತಿ ಕೇಳಿದೆವು. ಎರಡನೆಯ ನುಡಿಯಲ್ಲಿ ಒಂದು ಮಾತ್ರೆ ಹೆಚ್ಚಾಗಿತ್ತು. ಮುಂದಿನ ಸಲ ತಿದ್ದಿ ತಾ ಎಂದೆವು. ಕೊನೆಯ ನುಡಿಯ ಕೆಳಗೆ ಒಂದು ಸಾಲಿನಷ್ಟು ಜಾಗವನ್ನು ಅವಳು ಖಾಲಿ ಬಿಟ್ಟಿದ್ದಳು. ಇದೇಕೆಂದು ಕೇಳಿದಾಗ, "ಅಲ್ಲಿ ಅಂಕಿತ ಬರಬೇಕಲ್ಲ ಅಜ್ಜ, ಅದಕ್ಕೆ ಜಾಗ ಇಟ್ಟಿದ್ದೇನೆ" ಎಂದಳು.

ಆ ಜಾಗವನ್ನು ತುಂಬುವವನು ಶ್ರೀಹರಿ. ಯಾವಾಗ, ಯಾರ ಮೂಲಕ ಎಂಬುದು ಅವನ ಇಚ್ಛೆ. ಅಲ್ಲಿಯವರೆಗೆ ಹಾಳೆಯನ್ನು ಹರಿಯದಂತೆ ಕಾಯುವುದು ನಮ್ಮ ಪಾಲಿನ ಸೇವೆ. ಹರಿವಾಯುಗುರುಗಳು ನಮ್ಮೆಲ್ಲರಿಗೂ ಅಷ್ಟು ತಾಳ್ಮೆಯನ್ನು ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು.